ಚಾರಣಕ್ಕೆ ಹೋಗಿ ಬೆಟ್ಟದ ಮನೆಯಲ್ಲಿ ಉಳಿಯುವುದು ಹೇಗೆ? ಬೆಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ, ಶನಿವಾರ ಭಾನುವಾರ ಪಶ್ಚಿಮಘಟ್ಟದಲ್ಲಿ ಬೆಟ್ಟ ಹತ್ತಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವವರು ಬಹಳ ಜನ ಇದ್ದಾರೆ. ಬೆಟ್ಟದ ಬಗ್ಗೆ ಎಲ್ಲರೂ ಚೆನ್ನಾಗಿ ಓದಿಕೊಂಡೇ ಹೋಗುತ್ತಾರೆ. ಎತ್ತರ ಎಷ್ಟು, ದೂರ ಎಷ್ಟು, ಫೋಟೋ ಎಲ್ಲಿ ಚೆನ್ನಾಗಿ ಬರುತ್ತದೆ, ಎಲ್ಲ ಗೊತ್ತಿರುತ್ತದೆ. ಉಳಿಯುವ ಮನೆಯ ವಿಷಯ ಬಂದಾಗ ಮಾತ್ರ "ಅಲ್ಲೇ ಏನಾದ್ರೂ ಸಿಗುತ್ತೆ ಬಿಡು" ಅಂದುಬಿಡುತ್ತಾರೆ.

ನಾನು ಹೇಳುವುದು ಇದಕ್ಕೆ ಉಲ್ಟಾ. ಮೊದಲು ಮನೆ ನೋಡಿ, ಆಮೇಲೆ ಬೆಟ್ಟ. ಬಸ್ಸಿನಲ್ಲಿ ಅರ್ಧಂಬರ್ಧ ನಿದ್ದೆ ಮಾಡಿ ಇಳಿದವರಿಗೆ ಬಿಸಿನೀರು, ಹೊಟ್ಟೆ ತುಂಬ ತಿಂಡಿ, ರಾತ್ರಿಗೆ ಒಣ ಹಾಸಿಗೆ ಸಿಕ್ಕರೆ ಇಪ್ಪತ್ತು ಕಿಲೋಮೀಟರ್ ನಡೆಯುವುದು ಅಂಥ ಕಷ್ಟವಲ್ಲ. ಇವು ಸಿಗದಿದ್ದರೆ ಸಣ್ಣ ಗುಡ್ಡವೂ ಸುಸ್ತು ಮಾಡುತ್ತದೆ. ಬೆಟ್ಟದ ಮನೆ ಹೋಟೆಲ್ ಅಲ್ಲ. ಅಲ್ಲಿ ಅಡುಗೆ ಮಾಡುವವರು ಒಬ್ಬರೋ ಇಬ್ಬರೋ. ನೀರು ಹಳ್ಳದ್ದು. ದಿನಸಿ ಪೇಟೆಯಿಂದ ಜೀಪಿನಲ್ಲೋ ಹೆಗಲ ಮೇಲೋ ಬರಬೇಕು. ಆ ಮನೆಯವರ ಕೆಲಸ ನೀವು ಹಗುರ ಮಾಡಿದಷ್ಟೂ ನಿಮ್ಮ ಚಾರಣ ಚೆನ್ನಾಗಿ ಆಗುತ್ತದೆ. ಕೆಳಗೆ ಬರೆದಿರುವ ಎಲ್ಲ ಹಂತಗಳ ಹಿಂದೆಯೂ ಇರುವುದು ಇದೊಂದೇ ಲೆಕ್ಕ.

ಹಂತ 1: ಯಾವ ಥರದ ಮನೆ ಬೇಕು, ತೀರ್ಮಾನ ಮಾಡಿ

ನಮ್ಮ ಕಡೆ ಬೆಟ್ಟದ ವಾಸ್ತವ್ಯ ಮೂರು ಥರ ಇದೆ.

ಒಂದು, ದಾರಿಯಲ್ಲೇ ಸಿಗುವ ಮನೆ. ಕುಮಾರ ಪರ್ವತ ಹತ್ತುವಾಗ ಗಿರಿಗದ್ದೆಯಲ್ಲಿ ಸಿಗುವ ಭಟ್ಟರ ಮನೆ ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಕುಕ್ಕೆಯಿಂದ ಕಾಡೊಳಗೆ ಐದಾರು ಕಿಲೋಮೀಟರ್ ಏರಿ ಬಂದವರಿಗೆ ಅಲ್ಲಿ ಅನ್ನ, ಸಾಂಬಾರ್, ಮಜ್ಜಿಗೆ ಸಿಗುತ್ತದೆ ಅನ್ನುವುದೇ ಎಷ್ಟೋ ವರ್ಷಗಳಿಂದ ಚಾರಣಿಗರಿಗೆ ಧೈರ್ಯ. ಕೊಡಚಾದ್ರಿಯ ಮೇಲೂ ದೇವಸ್ಥಾನದ ಹತ್ತಿರ ಅರ್ಚಕರ ಮನೆ ಇದೆ. ಇಂಥ ಕಡೆ ಸೌಕರ್ಯ ತೀರಾ ಸರಳ. ಜಗಲಿ, ಚಾಪೆ, ಸಾಲಾಗಿ ಮಲಗುವುದು. ಶೌಚಾಲಯಕ್ಕೆ ಸರದಿ ಕಾಯಬೇಕು. ಸುಖಕ್ಕಿಂತ ದಾರಿ ಮುಖ್ಯ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎರಡು, ಬೆಟ್ಟದ ಬುಡದ ಹೋಂಸ್ಟೇ. ಕುದುರೆಮುಖ ಶಿಖರಕ್ಕೆ ಹೋಗುವವರು ಕಳಸ ಹತ್ತಿರದ ಸಂಸೆ, ಬಾಳೆಗಲ್, ಮುಳ್ಳೋಡಿ ಕಡೆ ಉಳಿಯುತ್ತಾರೆ. ತಡಿಯಂಡಮೋಳ್‌ಗೆ ಹೋಗುವವರು ಕೊಡಗಿನ ಕಕ್ಕಬ್ಬೆಯಲ್ಲಿ. ಇಲ್ಲಿ ಕೋಣೆ, ಬಚ್ಚಲು, ಊಟ ಎಲ್ಲ ಸೇರಿ ತಲೆಗೆ ಇಷ್ಟು ಅಂತ ಲೆಕ್ಕ. ಮೊದಲ ಸಲ ಹೋಗುವವರಿಗೆ, ಮಕ್ಕಳು ಅಥವಾ ಐವತ್ತು ದಾಟಿದ ಅಪ್ಪ ಅಮ್ಮ ಜೊತೆಗಿದ್ದವರಿಗೆ ನಾನು ಇದನ್ನೇ ಹೇಳುವುದು. ಹತ್ತಲು ಆಗದವರು ಮನೆಯಲ್ಲೇ ಕೂತು ಅಡಿಕೆ ತೋಟ ನೋಡಿಕೊಂಡು ಆರಾಮಾಗಿ ಇರಬಹುದು.

ಮೂರು, ಸರ್ಕಾರದ ವ್ಯವಸ್ಥೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಭಗವತಿ ಪ್ರಕೃತಿ ಶಿಬಿರದಂಥವು. ಕಾಡಿನ ಮಧ್ಯೆ ಇರುತ್ತವೆ, ಶಿಸ್ತು ಜಾಸ್ತಿ, ಕೋಣೆ ಕಡಿಮೆ.

ಯಾವುದೇ ಆಗಲಿ, ಚಾರಣ ಶುರುವಾಗುವ ಜಾಗಕ್ಕೂ ಮನೆಗೂ ಎಷ್ಟು ದೂರ ಅಂತ ನೋಡಿ. "ಕುದುರೆಮುಖ ಹೋಂಸ್ಟೇ" ಅಂತ ಹುಡುಕಿದರೆ ಎಲ್ಲೆಲ್ಲಿಯದೋ ಬರುತ್ತದೆ. ಅವುಗಳಲ್ಲಿ ಕೆಲವು ಶಿಖರದ ದಾರಿಗೆ ಗಂಟೆಗಟ್ಟಲೆ ದೂರ. ಬೆಳಿಗ್ಗೆ ಆರಕ್ಕೆ ನಡಿಗೆ ಶುರು ಮಾಡಬೇಕಾದವರಿಗೆ ಆ ದೂರವೇ ಹೊರೆ.

ಹಂತ 2: ತಿಂಗಳು ನೋಡಿ, ಟಿಕೆಟ್ ತೆಗೆಯಿರಿ

2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾರಣದ ಟಿಕೆಟ್ ತೆಗೆಯಲು 'ಅರಣ್ಯ ವಿಹಾರ' ಅನ್ನುವ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಮಾತ್ರ ಅನ್ನುವ ಮಿತಿಯೂ ಬಂತು. ಈ ಮಿತಿ ಬಂದದ್ದು ಬೆಟ್ಟಕ್ಕೆ ಒಳ್ಳೆಯದೇ ಆಯಿತು. ಅಷ್ಟು ಜನರ ಕಾಲಡಿ ಹುಲ್ಲುಗಾವಲು ಉಳಿಯುವುದಿಲ್ಲ, ಗಿರಿಗದ್ದೆಯಂಥ ಜಾಗದಲ್ಲಿ ಅಷ್ಟು ಜನಕ್ಕೆ ನೀರೂ ಇಲ್ಲ.

ಹಾಗಾಗಿ ಈಗ ಕ್ರಮ ಹೀಗಿರಲಿ. ಮನೆಗೆ ಫೋನ್ ಮಾಡಿ ದಿನ ಖಾಲಿ ಇದೆಯಾ ಕೇಳಿ. ಇದೆ ಅಂದರೆ ತಕ್ಷಣ ಟಿಕೆಟ್ ನೋಡಿ. ಟಿಕೆಟ್ ಕೈಗೆ ಬಂದ ಮೇಲೆ ಮನೆಗೆ ಮುಂಗಡ ಕಳಿಸಿ. ಮುಂಗಡ ಮೊದಲು ಕೊಟ್ಟು ಆಮೇಲೆ ಟಿಕೆಟ್ ಸಿಗದೆ ಒದ್ದಾಡುವವರು ಜಾಸ್ತಿ. ಕೆಲವು ಹೋಂಸ್ಟೇಯವರು "ಪರ್ಮಿಟ್ ನಾವೇ ಮಾಡಿಸ್ತೀವಿ" ಅನ್ನುತ್ತಾರೆ. ಹಾಗಾದರೆ ಟಿಕೆಟ್ ನಿಮ್ಮ ಹೆಸರಲ್ಲೇ ಇರಬೇಕು, ಹೊರಡುವ ಮೊದಲೇ ನಿಮ್ಮ ಮೊಬೈಲಿಗೆ ಬರಬೇಕು ಅಂತ ಕೇಳಿ. ಬುಕ್ ಮಾಡಲು ಕೊಟ್ಟ ಗುರುತಿನ ಚೀಟಿಯನ್ನೇ ಚೆಕ್‌ಪೋಸ್ಟಿಗೆ ತೆಗೆದುಕೊಂಡು ಹೋಗಿ. ಟೆಂಟ್ ಹಾಕಬಹುದಾ, ರಾತ್ರಿ ಎಲ್ಲಿಯವರೆಗೆ ಇರಬಹುದು ಅನ್ನುವ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವಾಗ ಆ ಪುಟ ಪೂರ್ತಿ ಓದಿ. ಹಳೆಯ ವಿಡಿಯೋ ನಂಬಬೇಡಿ.

ತಿಂಗಳ ವಿಷಯ. ಅಕ್ಟೋಬರ್‌ನಿಂದ ಜನವರಿವರೆಗೆ ಎಲ್ಲಕ್ಕಿಂತ ಸುಲಭ. ಮಳೆ ನಿಂತಿರುತ್ತದೆ, ಹುಲ್ಲು ಹಸಿರಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ. ಫೆಬ್ರವರಿ ದಾಟಿದರೆ ಕಾಳ್ಗಿಚ್ಚಿನ ಭಯಕ್ಕೆ ಇಲಾಖೆ ದಾರಿಗಳನ್ನು ಮುಚ್ಚುವುದುಂಟು. ಜೂನ್ ನಂತರ ಮಳೆಗಾಲ. ನೋಡಲು ಅದರಷ್ಟು ಚೆಂದ ಯಾವುದೂ ಇಲ್ಲ, ನಿಜ. ಆದರೆ ಹಳ್ಳ ಉಕ್ಕುತ್ತದೆ, ಜಾರುತ್ತದೆ, ಮಂಜಿನಲ್ಲಿ ದಾರಿ ಕಾಣುವುದಿಲ್ಲ. ಮೊದಲ ಚಾರಣವೇ ಜುಲೈನಲ್ಲಿ ಬೇಡ.

ಹಂತ 3: ಫೋನ್ ಮಾಡಿ, ಸರಿಯಾಗಿ ಮಾತಾಡಿ

ಈ ಒಂದು ಫೋನ್ ಮೇಲೆ ಬಹಳ ನಿಂತಿದೆ. ಆಪ್‌ನಲ್ಲಿ ಬುಕ್ ಮಾಡಿದರೂ ಮನೆಯವರ ಜೊತೆ ಒಮ್ಮೆ ಮಾತಾಡಲೇಬೇಕು. ಮಲೆನಾಡಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ಏಳರ ಮೇಲೆ ಮಾಡಿ. ಹಗಲು ಹೊತ್ತು ಅವರು ತೋಟದಲ್ಲಿ ಇರುತ್ತಾರೆ. ಮೊದಲು ನಿಮ್ಮ ಊರು, ಹೆಸರು ಹೇಳಿ. ಆಮೇಲೆ ವಿಷಯ.

"ನಮಸ್ಕಾರ ಅಣ್ಣ, ಬೆಂಗಳೂರಿಂದ ಮಾತಾಡ್ತಿದ್ದೀನಿ. ನವೆಂಬರ್ ಎರಡನೇ ಶನಿವಾರ ನಿಮ್ಮಲ್ಲಿ ಆರು ಜನಕ್ಕೆ ಜಾಗ ಇದೆಯಾ? ನಾಲ್ಕು ಜನ ಗಂಡಸರು, ಇಬ್ಬರು ಹೆಂಗಸರು. ಶನಿವಾರ ಬೆಳಿಗ್ಗೆ ತಿಂಡಿಗೆ ಬರ್ತೀವಿ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡ್ತೀವಿ."

ಇಷ್ಟು ಹೇಳಿದರೆ ಅವರಿಗೆ ಅರ್ಧ ಕೆಲಸ ಮುಗಿಯಿತು. ಎಷ್ಟು ಊಟ, ಎಷ್ಟು ತಿಂಡಿ, ಎಷ್ಟು ಹಾಸಿಗೆ, ಎಲ್ಲ ಗೊತ್ತಾಯಿತು. ಇನ್ನು ನೀವು ಕೇಳಬೇಕಾದವು:

- ತಲೆಗೆ ಎಷ್ಟು, ಅದರಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ? ಬುತ್ತಿ ಕಟ್ಟಿ ಕೊಡುತ್ತೀರಾ?
- ಜೀಪು, ಗೈಡ್, ಅರಣ್ಯ ಇಲಾಖೆಯ ಟಿಕೆಟ್ ಒಳಗಾ, ಬೇರೆಯಾ?
- ಕೋಣೆ ನಮಗೇ ಅಂತ ಇದೆಯಾ ಅಥವಾ ಬೇರೆ ಗುಂಪಿನ ಜೊತೆ ಮಲಗಬೇಕಾ? ಹೆಂಗಸರಿಗೆ ಬೇರೆ ಕೋಣೆ ಉಂಟಾ, ಒಳಗಿನಿಂದ ಚಿಲಕ ಇದೆಯಾ?
- ಶೌಚಾಲಯ ಎಷ್ಟು? ಬಿಸಿನೀರು ಹಂಡೆಯದಾ, ಸೋಲಾರ್‌ದಾ?
- ಕೊನೆಯ ಬಸ್ ನಿಲ್ದಾಣದಿಂದ ಮನೆಗೆ ಹೇಗೆ ಬರಬೇಕು? ನಮ್ಮ ಕಾರು ಮನೆವರೆಗೆ ಬರುತ್ತದಾ?
- ಯಾವ ಕಂಪನಿಯ ಸಿಮ್ ಹಿಡಿಯುತ್ತದೆ?
- ದಿನ ಬದಲಾದರೆ ಮುಂಗಡ ಏನಾಗುತ್ತದೆ?

ಎರಡನೆಯ ಪ್ರಶ್ನೆ ಬಿಡಲೇಬೇಡಿ. ಮುಳ್ಳೋಡಿಗೆ ಹೋಗುವ ಮಣ್ಣು ರಸ್ತೆಯಲ್ಲಿ ಜೀಪು ಬಿಟ್ಟರೆ ಬೇರೆ ಗಾಡಿ ಕಷ್ಟ. ಆ ಜೀಪಿನ ಬಾಡಿಗೆ ಸೇರಿದೆ ಅಂದುಕೊಂಡು ಬಂದವರಿಗೂ ಸೇರಿಲ್ಲ ಅನ್ನುವ ಮನೆಯವರಿಗೂ ಕೊನೆಯ ದಿನ ಮಾತಿಗೆ ಮಾತು ಬೆಳೆಯುವುದು ಯಾರಿಗೂ ಬೇಡ ಅಲ್ವಾ? ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಕಳಿಸಿಬಿಡಿ. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳುವುದೂ ತಪ್ಪಲ್ಲ. ಹೆಂಗಸರೇ ಹೋಗುವ ಗುಂಪಾದರೆ ಕೇಳಲೇಬೇಕು.

ಊಟದ ವಿಷಯವನ್ನೂ ಈಗಲೇ ಹೇಳಿ. ಮಾಂಸ ತಿನ್ನುವವರೆಷ್ಟು, ತಿನ್ನದವರೆಷ್ಟು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಯಾರಾದರೂ ಇದ್ದಾರಾ, ಸಕ್ಕರೆ ಕಾಯಿಲೆಯವರು ಇದ್ದಾರಾ. ಜನ ಕಡಿಮೆಯಾದರೆ ಎರಡು ದಿನ ಮೊದಲೇ ತಿಳಿಸಿ. ಸಂತೆಗೆ ಹೋಗಿ ಸಾಮಾನು ತಂದಾದ ಮೇಲೆ "ಇಬ್ಬರು ಬರ್ತಿಲ್ಲ" ಅಂದರೆ ಆ ನಷ್ಟ ಅವರ ತಲೆ ಮೇಲೆ ಬೀಳುತ್ತದೆ.

ಹಂತ 4: ಕಾಲು ಸಿದ್ಧ ಮಾಡಿ

ಕುಮಾರ ಪರ್ವತದ ತುದಿ ಸಮುದ್ರಮಟ್ಟದಿಂದ 1,712 ಮೀಟರ್. ಕುಕ್ಕೆಯಿಂದ ಏರಿಕೆಯೇ 1,500 ಮೀಟರ್‌ಗಿಂತ ಜಾಸ್ತಿ. ಕುದುರೆಮುಖ ಶಿಖರ 1,894 ಮೀಟರ್ ಇದ್ದರೂ ನಡಿಗೆ ಎತ್ತರದಿಂದಲೇ ಶುರುವಾಗುವುದರಿಂದ ಏರಿಕೆ ಅಷ್ಟಿಲ್ಲ. ಹೋಗಿ ಬರಲು ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ಒಂದು ತಿಂಗಳ ಮೊದಲಿನಿಂದ ವಾರಕ್ಕೆ ಮೂರು ದಿನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನು ಬಿಡಬೇಡಿ, ಮಂಡಿ ನೋಯುವುದು ಇಳಿಯುವಾಗಲೇ. ಒಂದು ಭಾನುವಾರ ಸಾವನದುರ್ಗಕ್ಕೋ ಸ್ಕಂದಗಿರಿಗೋ ಹೋಗಿ ಬನ್ನಿ. ಹೊಸ ಶೂ ಕೊಂಡಿದ್ದರೆ ಅಲ್ಲಿಗೇ ಹಾಕಿಕೊಂಡು ಹೋಗಿ.

ಹಂತ 5: ಚೀಲ ಕಟ್ಟುವುದು

ಚೀಲವನ್ನು ಎರಡು ಭಾಗ ಮಾಡಿ. ಬೆಟ್ಟಕ್ಕೆ ಹೊತ್ತು ಹೋಗುವ ಸಣ್ಣದು, ಮನೆಯಲ್ಲಿ ಬಿಟ್ಟು ಹೋಗುವ ದೊಡ್ಡದು. ಮನೆಯಲ್ಲಿ ಉಳಿಯುವುದರ ದೊಡ್ಡ ಲಾಭ ಇದೇ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಪಾತ್ರೆ ಏನೂ ಹೊರಬೇಕಿಲ್ಲ.

ಸಣ್ಣದರಲ್ಲಿ: ಎರಡು ಲೀಟರ್ ನೀರು ಹಿಡಿಯುವ ಸ್ಟೀಲ್ ಬಾಟಲಿಗಳು, ಬುತ್ತಿಗೆ ಸ್ಟೀಲ್ ಡಬ್ಬಿ, ಓಆರ್‌ಎಸ್, ಬೆಲ್ಲ ಕಡಲೆ, ಮಳೆ ಕೋಟು, ಬ್ಯಾಂಡೇಜ್, ಡೆಟಾಲ್, ನಿಮ್ಮ ದಿನದ ಮಾತ್ರೆ, ಸೀಟಿ, ಟಾರ್ಚ್, ಗುರುತಿನ ಚೀಟಿ, ಟಿಕೆಟ್‌ನ ಮುದ್ರಿತ ಪ್ರತಿ. ಟಾರ್ಚ್ ತಲೆಗೆ ಕಟ್ಟುವಂಥದ್ದಾದರೆ ಒಳ್ಳೆಯದು. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ಬೇಡ. ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿ ನೋಡುತ್ತಾರೆ.

ದೊಡ್ಡದರಲ್ಲಿ: ಒಂದು ಜೊತೆ ಪೂರ್ತಿ ಒಣ ಬಟ್ಟೆ. ಇದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ, ಏನೇ ಆದರೂ ಬೆಟ್ಟಕ್ಕೆ ಹಾಕಿಕೊಂಡು ಹೋಗಬೇಡಿ. ಸಂಜೆ ನೆನೆದು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಹವಾಯಿ ಚಪ್ಪಲಿ, ತೆಳು ಟವೆಲ್, ಒಂದು ಹಳೆಯ ಬೆಡ್‌ಶೀಟ್ ಅಥವಾ ಪಂಚೆ. ಪಂಚೆ ನಿಜಕ್ಕೂ ತೆಗೆದುಕೊಂಡು ಹೋಗಿ. ಹೊದೆಯಬಹುದು, ಹಾಸಬಹುದು, ಬಟ್ಟೆ ಬದಲಾಯಿಸಲು ಮರೆ ಮಾಡಬಹುದು. ಪವರ್ ಬ್ಯಾಂಕ್ ಇರಲಿ. ಗಾಳಿ ಮಳೆಗೆ ಕರೆಂಟು ಹೋದರೆ ಎರಡು ದಿನ ಬರದೇ ಇರಬಹುದು. ಚಿಲ್ಲರೆ ನೋಟುಗಳೂ ಇರಲಿ. ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ.

ಹಂತ 6: ಹೋಗುವುದು

ಕಳಸ, ಹೊರನಾಡಿಗೆ ಮೆಜೆಸ್ಟಿಕ್‌ನಿಂದ ಕೆಎಸ್‌ಆರ್‌ಟಿಸಿಯ ರಾತ್ರಿ ಬಸ್ಸುಗಳಿವೆ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹೋದರೆ ಬೆಳಗಿನ ಜಾವಕ್ಕೆ ಕಳಸ. ಕುಕ್ಕೆಗೂ ನೇರ ಬಸ್ ಇದೆ. ರೈಲಾದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಕುಕ್ಕೆಗೆ ಹನ್ನೆರಡು ಕಿಲೋಮೀಟರ್‌ನಷ್ಟು ದೂರ.

ಶುಕ್ರವಾರ ಸಂಜೆ ಗೊರಗುಂಟೆಪಾಳ್ಯ, ನೆಲಮಂಗಲ ದಾಟುವುದೇ ದೊಡ್ಡ ಕೆಲಸ ಅಂತ ಎಲ್ಲರಿಗೂ ಗೊತ್ತು. ಸ್ವಂತ ಕಾರಿನಲ್ಲಿ ಹೋಗುವವರು ಆಫೀಸ್ ಮುಗಿಸಿ ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಬೆಟ್ಟ ಹತ್ತಿ, ಮರುದಿನ ಮತ್ತೆ ಓಡಿಸುವುದು ಬೇಡ. ಬಸ್ಸೇ ಒಳ್ಳೆಯದು. ಕಾರೇ ಬೇಕು ಅಂದರೆ ಶನಿವಾರ ಬೆಳಿಗ್ಗೆ ಹೊರಡಿ, ಸಂಜೆ ಬೆಳಕಿರುವಾಗ ಮನೆ ಸೇರಿ, ಭಾನುವಾರ ಹತ್ತಿ, ಸೋಮವಾರ ರಜೆ ಹಾಕಿ.

ಬಸ್ ಇಳಿಯುವ ಅರ್ಧ ಗಂಟೆ ಮೊದಲು ಮನೆಯವರಿಗೆ ಫೋನ್ ಮಾಡಿ. ಬಸ್ ತಡವಾದರೆ ಇನ್ನೂ ಮುಖ್ಯ. ಜೀಪಿನವರು ಕಾಯುತ್ತಿರುತ್ತಾರೆ, ಒಲೆ ಮೇಲೆ ಕಡುಬು ಇರುತ್ತದೆ.

ಹಂತ 7: ಮನೆಯೊಳಗೆ

ಶೂ ಹೊರಗೆ ಬಿಡಿ. ಕಾಲು ತೊಳೆದು ಒಳಗೆ ಬನ್ನಿ. ಮನೆಯ ಹಿರಿಯರಿಗೆ ನಮಸ್ಕಾರ ಹೇಳಿ, ಅಡುಗೆ ಮಾಡುವ ಅಮ್ಮನ ಹತ್ತಿರ ಎರಡು ಮಾತಾಡಿ. ಮಲಗುವುದೆಲ್ಲಿ, ಶೌಚಾಲಯ ಎಲ್ಲಿ, ಕುಡಿಯುವ ನೀರು ಯಾವುದು, ಊಟ ಎಷ್ಟು ಹೊತ್ತಿಗೆ ಅಂತ ಆಗಲೇ ಕೇಳಿಕೊಳ್ಳಿ. ಅರ್ಚಕರ ಮನೆಯಾದರೆ ಮಡಿ ಇರುತ್ತದೆ. ಅಡುಗೆಮನೆ, ದೇವರ ಕೋಣೆ ಕಡೆ ಹೋಗುವ ಮೊದಲು ಕೇಳಿ. ಮದ್ಯ, ಸಿಗರೇಟು, ಜೋರು ಹಾಡು ಬೇಡವೇ ಬೇಡ. ಆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಕಾಡಂಚಿನಲ್ಲಿ ಒಂದು ಸಿಗರೇಟಿನ ತುಂಡು ಸಾಕು, ಗುಡ್ಡಕ್ಕೆ ಗುಡ್ಡವೇ ಉರಿಯಲು.

ನೀರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕುದುರೆಮುಖದ ಕಡೆ ಬೆಟ್ಟದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. ಇದನ್ನು ಶೋಲಾ ಅನ್ನುತ್ತಾರೆ. ಮಳೆಗಾಲದ ನೀರನ್ನು ಈ ಹುಲ್ಲು ಮತ್ತು ಶೋಲಾ ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಸಾಲಿನ ಗಂಗಾಮೂಲದಲ್ಲಿ. ಇಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಿಂದ ಅದು ನಿಂತಿತು. ನೀವು ಉಳಿಯುವ ಮನೆಯ ನಲ್ಲಿಗೆ ಬರುವುದೂ ಇಂಥದೇ ಒಂದು ಶೋಲಾದ ನೀರು. ಮೋಟಾರಿಲ್ಲ, ಮೇಲಿನ ಹಳ್ಳದಿಂದ ಕರಿ ಪೈಪ್ ಎಳೆದಿರುತ್ತಾರೆ, ಅಷ್ಟೇ. ಅಕ್ಟೋಬರ್‌ನಲ್ಲಿ ಧಾರಾಳವಾಗಿ ಬರುವ ನೀರು ಜನವರಿ ಕಳೆದ ಮೇಲೆ ಸಣ್ಣ ಎಳೆಯಾಗುತ್ತದೆ. ಆಗ ಒಬ್ಬರಿಗೆ ಒಂದು ಬಕೆಟ್. ಹಂಡೆಯಿಂದ ಬಿಸಿನೀರು ತೆಗೆದರೆ ಅಷ್ಟೇ ತಣ್ಣೀರು ವಾಪಸ್ ತುಂಬಿಸಿ. ಹಿಂದೆ ಬರುವವರಿಗೆ ಬೇಕಲ್ವಾ. ಹಳ್ಳಕ್ಕಿಳಿದು ಸೋಪು, ಶಾಂಪೂ ಹಾಕಬೇಡಿ, ಕೆಳಗಿನ ಮನೆಯವರು ಕುಡಿಯುವುದು ಅದೇ ನೀರು.

ಕರೆಂಟೂ ಹಾಗೇ. ಸೋಲಾರ್ ಇರಬಹುದು, ಹಳ್ಳದ ನೀರಿನಿಂದ ತಿರುಗುವ ಸಣ್ಣ ಟರ್ಬೈನ್ ಇರಬಹುದು. ಹೇರ್ ಡ್ರೈಯರ್, ಕೆಟಲ್ ಹಾಕಬೇಡಿ. ಮೊಬೈಲ್ ಚಾರ್ಜ್ ಮಾಡುವ ಮೊದಲೂ ಒಂದು ಮಾತು ಕೇಳಿ.

ಊಟದ ಬಗ್ಗೆ ನನಗೆ ಹೇಳಿ ಮುಗಿಯದು. ಅಕ್ಕಿ ರೊಟ್ಟಿ, ಕಡುಬು, ನೀರು ದೋಸೆ, ಕಾಯಿ ಚಟ್ನಿ. ಮಳೆಗಾಲದಲ್ಲಿ ಹೋದರೆ ಕೆಸುವಿನ ಎಲೆಯ ಪತ್ರೊಡೆ, ಕಳಲೆ ಪಲ್ಯ. ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಬಿಸಿ ಕಷಾಯ. ಇವು ಬಿಟ್ಟು ಪನೀರ್ ಬಟರ್ ಮಸಾಲ, ಫ್ರೈಡ್ ರೈಸ್ ಕೇಳಬೇಡಿ ದಯವಿಟ್ಟು. ಆ ಮನೆಯವರು ದಿನಾ ತಿನ್ನುವ ಅಡುಗೆಯನ್ನೇ ಕೇಳಿ. ಅದನ್ನು ಅವರು ಚೆನ್ನಾಗಿ ಮಾಡುತ್ತಾರೆ, ಸಾಮಾನೂ ತೋಟದಲ್ಲೇ ಸಿಗುತ್ತದೆ. ಬಡಿಸಿದ್ದನ್ನು ಬಿಡಬೇಡಿ, ಬೇಕಾದರೆ ಸ್ವಲ್ಪ ಸ್ವಲ್ಪ ಹಾಕಿಸಿಕೊಳ್ಳಿ. ಎಲೆ ಎತ್ತುವುದು, ತಟ್ಟೆ ತೊಳೆಯುವುದು ಆ ಮನೆಯ ಪದ್ಧತಿಯಾದರೆ ನೀವೂ ಮಾಡಿ.

ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ. ಟಾರ್ಚ್ ದಿಂಬಿನ ಹತ್ತಿರ ಇರಲಿ. ಕತ್ತಲಲ್ಲಿ ಹೊರಗೆ ಶೌಚಾಲಯಕ್ಕೆ ಹೋಗುವಾಗ ನೆಲ ನೋಡಿಕೊಂಡು ಹೆಜ್ಜೆ ಇಡಿ, ಹಾವಿನ ಜಾಗ ಅದು. ಬೆಳಿಗ್ಗೆ ಶೂ ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ.

ಹಂತ 8: ಹತ್ತುವ ದಿನ

ಐದಕ್ಕೆ ಎದ್ದು, ತಿಂಡಿ ತಿಂದು, ಬುತ್ತಿ ಹಿಡಿದು, ಆರೂವರೆಯೊಳಗೆ ನಡೆಯಲು ಶುರು ಮಾಡಿ. ಬುತ್ತಿ ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿ ಡಬ್ಬಿ ಕೊಟ್ಟಿರಬೇಕು. ಚಿತ್ರಾನ್ನ, ಪುಳಿಯೋಗರೆ ಕಟ್ಟಿಸಿಕೊಳ್ಳಿ. ಮೊಸರನ್ನ ಮಧ್ಯಾಹ್ನದ ಬಿಸಿಲಿಗೆ ಹುಳಿಯಾಗುತ್ತದೆ. ಎಷ್ಟು ಜನ ಹೊರಟಿರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯವರಿಗೆ ಹೇಳಿ ಹೋಗಿ. ನೀವು ಕತ್ತಲಾದರೂ ಬಾರದಿದ್ದರೆ ಮೊದಲು ಹುಡುಕಲು ಬರುವವರು ಅವರೇ.

ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ತಿರುಗಿ. ತುದಿ ಎದುರಿಗೇ ಕಾಣುತ್ತಿದ್ದರೂ ಸರಿ. ಕುಮಾರ ಪರ್ವತದಲ್ಲಿ ಕಲ್ಲು ಮಂಟಪ ದಾಟಿ ಶೇಷ ಪರ್ವತ ಹತ್ತಿದ ಮೇಲೆ "ಇನ್ನೇನು ಬಂತು" ಅನ್ನಿಸುತ್ತದೆ. ಆದರೆ ನಡುವೆ ಕಾಡಿಗೆ ಇಳಿದು ಮತ್ತೆ ಏರಬೇಕು. ಗುಂಪಿನಲ್ಲಿ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಗಟ್ಟಿಗರೊಬ್ಬರು ಕೊನೆಯಲ್ಲಿ ಬರಲಿ. ಮಂಜು ಮುಚ್ಚಿ ದಾರಿ ಕಾಣದಿದ್ದರೆ ಇದ್ದಲ್ಲೇ ನಿಂತು ಸೀಟಿ ಊದಿ. ಹೊಸ ದಾರಿ ಹುಡುಕಬೇಡಿ.

ಉಂಬಳ ಮತ್ತು ಉಣ್ಣೆ

ಇವೆರಡನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ಉಂಬಳ ಹಿಂಸೆ ಕೊಡುತ್ತದೆ ಅಷ್ಟೇ. ಉಣ್ಣೆಯಿಂದ ನಿಜವಾದ ಅಪಾಯವಿದೆ.

ಉಂಬಳ ಅಂದರೆ ಜಿಗಣೆ. ಜೂನ್‌ನಿಂದ ನವೆಂಬರ್‌ವರೆಗೆ ಕಾಡಿನ ನೆರಳಲ್ಲಿ ಎಲ್ಲೆಲ್ಲೂ ಇರುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ಮಂಡಿವರೆಗೆ ಬರುವ ಉಂಬಳದ ಸಾಕ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. ಬಟ್ಟೆಯಲ್ಲಿ ಉಪ್ಪು ಗಂಟು ಕಟ್ಟಿ ಶೂ ಮೇಲೆ ಒತ್ತುವುದು, ನಶ್ಯ ಹಚ್ಚುವುದು ಹಳಬರ ಉಪಾಯ, ಕೆಲಸ ಮಾಡುತ್ತದೆ. ಕಚ್ಚಿದರೆ ಎಳೆಯಬೇಡಿ. ಸಣ್ಣ ತುದಿಯ ಹತ್ತಿರ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿ ಇರುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ಹೆದರಬೇಡಿ. ಸೋಪು ಹಾಕಿ ತೊಳೆದು ಬ್ಯಾಂಡೇಜ್ ಒತ್ತಿ. ಮನೆಯೊಳಗೆ ಹೋಗುವ ಮೊದಲು ಅಂಗಳದಲ್ಲೇ ಬಟ್ಟೆ, ಸಾಕ್ಸ್ ಎಲ್ಲ ನೋಡಿಕೊಳ್ಳಿ. ಹಾಸಿಗೆ ಮೇಲೆ ರಕ್ತದ ಕಲೆ ಮಾಡಿದರೆ ಒಗೆಯುವವರು ಯಾರು?

ಉಣ್ಣೆ ಅಂದರೆ ಉಣುಗು, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ (ಟಿಕ್). ಇದು ಬೇಸಿಗೆ ಕಡೆಯದು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಇದರಿಂದ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಈ ತಿಂಗಳುಗಳಲ್ಲಿ ಹೋಗುವವರು ಮನೆಯವರನ್ನು "ಈ ಕಡೆ ಮಂಗನ ಕಾಯಿಲೆ ಇದೆಯಾ?" ಅಂತ ಫೋನಿನಲ್ಲೇ ಕೇಳಿ. ಇದೆ ಅಂದರೆ ಹೋಗುವುದನ್ನು ಮುಂದೂಡಿ. ಹೋದರೆ ತುಂಬು ತೋಳಿನ ಬಟ್ಟೆ ಹಾಕಿ. ಒಣಗಿದ ಎಲೆಗಳ ಮೇಲೆ ಕೂರಬೇಡಿ, ಮಲಗಬೇಡಿ. ಉಣ್ಣೆ ಕಚ್ಚದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಹಳ್ಳಿಗಳಲ್ಲಿ ಕೊಡುವ ಡೇಪಾ ಎಣ್ಣೆ ಮನೆಯಲ್ಲಿದ್ದರೆ ಕೇಳಿ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ.

ಹಂತ 9: ಹೊರಡುವಾಗ

ನೀವು ತಂದ ಕಸ ಪೂರ್ತಿ ನಿಮ್ಮ ಚೀಲದಲ್ಲೇ ವಾಪಸ್ ಹೋಗಬೇಕು. ಬೆಟ್ಟದ ಮನೆಗೆ ಕಸದ ಗಾಡಿ ಬರುವುದಿಲ್ಲ. ಅಲ್ಲಿ ಬಿಟ್ಟ ಬಿಸ್ಕತ್ತಿನ ಕವರನ್ನು ಅವರು ಸುಡಬೇಕು ಅಥವಾ ಹೂಳಬೇಕು. ಸ್ಯಾನಿಟರಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಕವರಿನಲ್ಲಿ ಹಾಕಿ ತನ್ನಿ. ಅಲ್ಲಿನ ಶೌಚದ ಗುಂಡಿಗೆ ಹಾಕಲೇಬೇಡಿ.

ಹೊದಿಕೆ ಮಡಚಿಡಿ. ಬಾಕಿ ದುಡ್ಡು ಎಣಿಸಿ ಕೊಡಿ, ಚೌಕಾಸಿ ಫೋನಿನಲ್ಲೇ ಮುಗಿದಿರಬೇಕು. ಮನೆಯಲ್ಲಿ ಕಾಳುಮೆಣಸು, ಕಾಫಿ ಪುಡಿ, ಜೇನು, ಉಪ್ಪಿನಕಾಯಿ ಮಾರಾಟಕ್ಕಿದ್ದರೆ ಕೊಂಡುಕೊಳ್ಳಿ. ಅದರ ಲಾಭ ನೇರವಾಗಿ ಆ ಕೈಗಳಿಗೇ ಹೋಗುತ್ತದೆ. ಏನಾದರೂ ಸರಿ ಇರಲಿಲ್ಲ ಅಂದರೆ ಅಲ್ಲೇ, ಎದುರಿಗೆ, ಮೆಲ್ಲಗೆ ಹೇಳಿ. ಊರಿಗೆ ಬಂದು ಒಂದು ಸ್ಟಾರ್ ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಹಂತ 10: ಬೆಂಗಳೂರಿಗೆ ಬಂದ ಮೇಲೆ

ಅದೇ ರಾತ್ರಿ ಬಟ್ಟೆ ಬಿಸಿನೀರಿನಲ್ಲಿ ನೆನೆಹಾಕಿ. ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಸೊಂಟದ ಸುತ್ತ ಉಣ್ಣೆ ಇದೆಯಾ ನೋಡಿ. ಇದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಶೂ ತೊಳೆದು ನೆರಳಲ್ಲಿ ಒಣಗಿಸಿ.

ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಸುಮ್ನೆ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಆಸ್ಪತ್ರೆಗೆ ಹೋಗಿ, "ಮಲೆನಾಡಿನ ಕಾಡಿಗೆ ಹೋಗಿದ್ದೆ, ಇಂಥ ದಿನ, ಇಂಥ ಊರು" ಅಂತ ಡಾಕ್ಟರಿಗೆ ಮೊದಲೇ ಹೇಳಿ. ಬೆಂಗಳೂರಿನಲ್ಲಿ ಜ್ವರ ಅಂದರೆ ಡೆಂಗಿ ಅಂತಲೇ ಮೊದಲು ನೋಡುತ್ತಾರೆ, ಮಂಗನ ಕಾಯಿಲೆ ಅವರ ತಲೆಗೆ ಬರುವುದು ನೀವು ಹೇಳಿದರೆ ಮಾತ್ರ. ಉಳಿದಿದ್ದ ಮನೆಯವರಿಗೂ ಫೋನ್ ಮಾಡಿ ತಿಳಿಸಿ. ಅವರೂ, ಮುಂದಿನ ವಾರ ಅಲ್ಲಿಗೆ ಹೋಗುವವರೂ ಹುಷಾರಾಗಿರುತ್ತಾರೆ.